ಬೆಟ್ಟಿಂಗ್ ಲೈಸೆನ್ಸಿಗೆ ಏನೇನು ಕಾಗದ ಬೇಕು? ಬಳ್ಳಾರಿ ಜಿಲ್ಲಾಡಳಿತಕ್ಕೆ ಒಂದು ಬಹಿರಂಗ ಪತ್ರ

ಮಾನ್ಯ ಜಿಲ್ಲಾಧಿಕಾರಿಗಳಿಗೆ, ಮಾನ್ಯ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗಳಿಗೆ,

ನಮಸ್ಕಾರ.

ನಾನು ಬಳ್ಳಾರಿಯಲ್ಲಿ ಸಣ್ಣ ವ್ಯಾಪಾರಿಗಳ ಜಿಎಸ್‌ಟಿ ರಿಟರ್ನ್ ತುಂಬಿಕೊಡುವವನು. ಜೀನ್ಸ್ ಹೊಲಿಸುವವರು, ಲಾರಿ ಇಟ್ಟವರು, ಕಿರಾಣಿ ಅಂಗಡಿಯವರು ನನ್ನ ಗಿರಾಕಿಗಳು. ಹೊಸ ವ್ಯಾಪಾರಕ್ಕೆ ಕೈ ಹಾಕುವವರು ಮೊದಲು ನಮ್ಮಂಥವರ ಹತ್ತಿರ ಬಂದು "ಏನೇನು ಕಾಗದ ಬೇಕು ಹೇಳ್ರಿ ಸಾರ್" ಅಂತ ಕೇಳುವುದು ಇಲ್ಲಿಯ ರೂಢಿ. ಈಚೆಗೆ ಅದೇ ಪ್ರಶ್ನೆ ಬೇರೊಂದು ವ್ಯಾಪಾರಕ್ಕೂ ಬರುತ್ತಿದೆ. "ಸಾರ್, ಬೆಟ್ಟಿಂಗ್ ಲೈಸೆನ್ಸ್ ಮಾಡಿಸಬೇಕು. ಎಷ್ಟಾಗುತ್ತೆ?"

ಕೇಳುವವರು ರೌಡಿಗಳಲ್ಲ. ಡಿಪ್ಲೊಮಾ ಮುಗಿಸಿದ ಹುಡುಗರು. ತೋರಣಗಲ್ಲಿನ ಕಡೆ ಗುತ್ತಿಗೆ ಕೆಲಸ ಬಿಟ್ಟು ಬಂದವರು. ಅಪ್ಪನ ಅಂಗಡಿಯಲ್ಲಿ ಕೂತು ಬೇಜಾರಾದವರು. ಕಳ್ಳ ದಾರಿ ಬೇಡ, ಕಾನೂನು ಪ್ರಕಾರ ಮಾಡೋಣ ಅಂತಲೇ ಅವರು ನನ್ನ ಟೇಬಲ್ ಮುಂದೆ ಕೂರುವುದು. ನನಗೆ ಸಂಕಟ ಆಗುವುದು ಅಲ್ಲೇ. ಯಾಕಂದರೆ ಅವರ ಕೈಯಲ್ಲಿ ಆಗಲೇ ಒಂದು ಫೈಲ್ ಇರುತ್ತೆ, ಯಾರೋ "ಲೈಸೆನ್ಸ್ಡ್ ಫ್ರ್ಯಾಂಚೈಸಿ" ಅಂತ ಹೇಳಿ ಅಡ್ವಾನ್ಸ್ ತೆಗೆದುಕೊಂಡು ಹೋಗಿರುತ್ತಾರೆ.

ಮಟ್ಕಾ ಬರೆಯುವವರನ್ನು ಹಿಡಿಯಿರಿ, ಇಸ್ಪೀಟ್ ಅಡ್ಡೆ ಮುಚ್ಚಿಸಿ ಅಂತ ಕೇಳಲು ಈ ಪತ್ರ ಬರೆಯುತ್ತಿಲ್ಲ. ಅದನ್ನು ನಿಮ್ಮವರು ಮಾಡುತ್ತಲೇ ಇದ್ದಾರೆ, ಪೇಪರಿನಲ್ಲಿ ಓದುತ್ತೇವೆ. ನಾನು ಕೇಳುವುದು ಸಣ್ಣದು. ನಮ್ಮ ಜಿಲ್ಲೆಯಲ್ಲಿ ಬೆಟ್ಟಿಂಗ್ ವ್ಯಾಪಾರಕ್ಕೆ ಲೈಸೆನ್ಸ್ ಕೊಡುವ ಕಚೇರಿ ಯಾವುದೂ ಇಲ್ಲ ಅನ್ನುವುದನ್ನು ಸರ್ಕಾರದ ಹೆಸರಿನಲ್ಲಿ, ತಿಳಿಯುವ ಕನ್ನಡದಲ್ಲಿ, ಜನ ಓಡಾಡುವ ಕಡೆ ಬರೆದು ಹಾಕಿ. ನಾನು ಹೇಳಿದರೆ "ಇವರಿಗೆ ಗೊತ್ತಿಲ್ಲ, ಬೆಂಗಳೂರಿನಲ್ಲಿ ಮಾಡಿಕೊಡ್ತಾರೆ" ಅಂತ ಎದ್ದು ಹೋಗುತ್ತಾರೆ. ನೀವು ಹೇಳಿದರೆ ಕೇಳುತ್ತಾರೆ.

ಆ ಫೈಲ್‌ನಲ್ಲಿ ಏನಿರುತ್ತೆ ಅಂತ ನೀವು ನೋಡಬೇಕು. ನೋಡಿದರೆ ಯಾಕೆ ನಂಬುತ್ತಾರೆ ಅಂತ ಗೊತ್ತಾಗುತ್ತೆ.

ಮೊದಲನೆಯದು ಒಂದು ಜಿಎಸ್‌ಟಿ ಸರ್ಟಿಫಿಕೇಟ್. ಮೇಲೆ ಭಾರತ ಸರ್ಕಾರ ಅಂತ ಇರುತ್ತೆ, ಲಾಂಛನ ಇರುತ್ತೆ. ಇಷ್ಟು ಸಾಕು, ಮನೆಯಲ್ಲಿ ಅಮ್ಮನಿಗೆ ತೋರಿಸಿದರೆ ಅವರೂ ಒಪ್ಪುತ್ತಾರೆ. ಆದರೆ ಜಿಎಸ್‌ಟಿ ನಂಬರ್ ಅಂದರೆ ತೆರಿಗೆ ಕಟ್ಟುವವರ ಪಟ್ಟಿಯಲ್ಲಿ ಹೆಸರು ಸೇರಿದೆ ಅಂತ ಅಷ್ಟೇ. ಮಾಡುವ ವ್ಯಾಪಾರ ಸರಿಯೋ ತಪ್ಪೋ ಅಂತ ಅದು ಹೇಳಲ್ಲ. ಎರಡನೆಯದು ಉದ್ಯಮ್ ನೋಂದಣಿ, ಅಂದರೆ ಸಣ್ಣ ಉದ್ದಿಮೆ ಅಂತ ಹೆಸರು ಬರೆಸಿಕೊಳ್ಳುವುದು. ಅದು ದುಡ್ಡಿಲ್ಲದೆ, ನಾವೇ ಮೊಬೈಲಿನಲ್ಲಿ ಆಧಾರ್ ಹಾಕಿ ನಮ್ಮ ಬಗ್ಗೆ ನಾವೇ ಹೇಳಿಕೊಂಡು ಮಾಡಿಕೊಳ್ಳುವಂಥದ್ದು. ಅದಕ್ಕೇ ಹತ್ತು ಸಾವಿರ ತೆಗೆದುಕೊಂಡವರನ್ನು ನೋಡಿದ್ದೇನೆ. ಮೂರನೆಯದು ಪಾಲಿಕೆಯ ಟ್ರೇಡ್ ಲೈಸೆನ್ಸ್. ಅದರಲ್ಲಿ "ಆನ್‌ಲೈನ್ ಸೇವೆಗಳು" ಅಂತಲೋ "ಮೊಬೈಲ್ ರೀಚಾರ್ಜ್" ಅಂತಲೋ ಇರುತ್ತೆ, ಬೆಟ್ಟಿಂಗ್ ಅಂತ ಎಲ್ಲೂ ಇರಲ್ಲ. "ಬೆಟ್ಟಿಂಗ್ ಅಂತ ಬರೆಯಲ್ಲ ಸಾರ್, ಹಂಗೇ ಇರುತ್ತೆ" ಅಂತ ಹುಡುಗನೇ ನನಗೆ ಸಮಜಾಯಿಷಿ ಕೊಡುತ್ತಾನೆ! ನಾಲ್ಕನೆಯದು ಕಂಪನಿ ನೋಂದಣಿ ಪತ್ರ. ಉದ್ದೇಶದ ಜಾಗದಲ್ಲಿ ಸಾಫ್ಟ್‌ವೇರ್ ಅಂತ ಇರುತ್ತೆ.

ಐದನೆಯದು ಎಲ್ಲಕ್ಕಿಂತ ಚೆಂದ. ಬಂಗಾರದ ಬಣ್ಣದ ಮುದ್ರೆ ಒತ್ತಿದ, ದಪ್ಪ ಕಾಗದಕ್ಕೆ ಪ್ರಿಂಟ್ ಹಾಕಿಸಿದ, ಕುರಾಸೌ ಅನ್ನುವ ದ್ವೀಪದ ಲೈಸೆನ್ಸ್. ಕುರಾಸೌ ಎಲ್ಲಿದೆ ಅಂತ ಕೇಳಿದರೆ ಯಾರಿಗೂ ಗೊತ್ತಿರಲ್ಲ. ಅದು ವೆನೆಜುವೆಲಾದ ಹತ್ತಿರ ಕೆರಿಬಿಯನ್ ಸಮುದ್ರದಲ್ಲಿದೆ, ನೆದರ್ಲೆಂಡ್ಸ್ ರಾಜ್ಯಕ್ಕೆ ಸೇರಿದ್ದು. ಅಲ್ಲಿಯ ಲೈಸೆನ್ಸ್ ಅಲ್ಲಿಯ ಕಾನೂನಿಗೆ. ಕೌಲ್ ಬಜಾರಿನಲ್ಲಿ ಅಂಗಡಿ ತೆರೆಯಲು ಅದು ಹೇಗೆ ಬರುತ್ತೆ? ಹಂಪಿ ನೋಡಲು ತೆಗೆದುಕೊಂಡ ಟಿಕೆಟ್ ತೋರಿಸಿ ಬಸ್ ಹತ್ತಿದ ಹಾಗೆ ಇದು.

ಕೊನೆಗೆ ಸ್ಟ್ಯಾಂಪ್ ಪೇಪರಿನ ಮೇಲೆ ಒಂದು ಅಗ್ರಿಮೆಂಟ್. ನೋಟರಿ ಸೀಲ್ ಸಮೇತ. ಲಾಭದಲ್ಲಿ ನಿಮಗಿಷ್ಟು, ಕಂಪನಿಗಿಷ್ಟು. ಬಾಜಿ ಕಟ್ಟುವ ಒಪ್ಪಂದಕ್ಕೆ ನಮ್ಮಲ್ಲಿ ಬೆಲೆ ಇಲ್ಲ ಅಂತ 1872ರ ಕರಾರು ಕಾಯ್ದೆಯ 30ನೇ ಕಲಂನಲ್ಲೇ ಇದೆ. ಗೆದ್ದ ದುಡ್ಡು ಕೊಡಲಿಲ್ಲ ಅಂತ ಕೋರ್ಟಿಗೆ ಹೋಗುವ ಹಾಗಿಲ್ಲ. ಆ ಕಲಂನಲ್ಲಿ ಒಂದೇ ಒಂದು ವಿನಾಯ್ತಿ ಇದೆ, ಕುದುರೆ ಓಟದಲ್ಲಿ ಗೆದ್ದವರಿಗೆ ಕೊಡುವ 500 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬಹುಮಾನಕ್ಕೆ. ಬ್ರಿಟಿಷರ ಕಾಲದವರಿಗೆ ಕುದುರೆ ಮೇಲೆ ಪ್ರೀತಿ ಜಾಸ್ತಿ, ಏನು ಮಾಡೋದು. ನಮ್ಮ ಹುಡುಗರ ಅಗ್ರಿಮೆಂಟಿಗೆ ಅದು ಉಪಯೋಗಕ್ಕೆ ಬರಲ್ಲ. ಕಂಪನಿಯವನು ಡೆಪಾಸಿಟ್ ನುಂಗಿ ಫೋನ್ ಆಫ್ ಮಾಡಿದರೆ ಈ ಕಾಗದ ಹಿಡಿದು ಯಾವ ಬಾಗಿಲಿಗೂ ಹೋಗಲು ಆಗಲ್ಲ, ಹೋದರೆ ನಾನೇ ಬೆಟ್ಟಿಂಗ್ ನಡೆಸಲು ಹೊರಟಿದ್ದೆ ಅಂತ ಬರೆದುಕೊಟ್ಟ ಹಾಗಾಗುತ್ತೆ.

ಫ್ರ್ಯಾಂಚೈಸಿ, ಅಂದರೆ ಬೇರೆ ಕಂಪನಿಯ ಹೆಸರಿನಲ್ಲಿ ನಾವು ವ್ಯಾಪಾರ ಮಾಡುವುದು, ಅದರ ಬಗ್ಗೆಯೂ ಹೇಳಿಬಿಡುತ್ತೇನೆ, ಇದು ಯಾರಿಗೂ ಗೊತ್ತಿಲ್ಲ. ನಮ್ಮ ದೇಶದ ವಿದೇಶಿ ಹೂಡಿಕೆ ನೀತಿಯಲ್ಲಿ ಜೂಜು ಮತ್ತು ಬೆಟ್ಟಿಂಗ್‌ಗೆ ವಿದೇಶದ ದುಡ್ಡು ಬರುವ ಹಾಗೇ ಇಲ್ಲ. ದುಡ್ಡು ಅಷ್ಟೇ ಅಲ್ಲ, ವಿದೇಶಿ ಕಂಪನಿಯ ಹೆಸರು, ಟ್ರೇಡ್‌ಮಾರ್ಕ್, ಫ್ರ್ಯಾಂಚೈಸಿ ತೆಗೆದುಕೊಳ್ಳುವುದಕ್ಕೂ ನಿಷೇಧ ಇದೆ. ಅಂದರೆ ಹೊರದೇಶದ ಬೆಟ್ಟಿಂಗ್ ಆ್ಯಪಿನ "ಅಧಿಕೃತ ಫ್ರ್ಯಾಂಚೈಸಿ" ಅನ್ನುವಂಥದ್ದು ಭಾರತದಲ್ಲಿ ಇರಲು ಸಾಧ್ಯವೇ ಇಲ್ಲ. ಇಷ್ಟು ಒಂದು ಸಾಲು ಗೊತ್ತಿದ್ದರೂ ಎಷ್ಟೋ ಮನೆಯ ಬಂಗಾರ ಉಳಿಯುತ್ತಿತ್ತು.

ಹಾಗಾದರೆ ಕಾನೂನು ಏನು ಹೇಳುತ್ತೆ? ನಾನು ವಕೀಲ ಅಲ್ಲ. ಆದರೆ ಕೇಳುವವರಿಗೆ ಉತ್ತರ ಕೊಡಬೇಕಲ್ಲ, ಅದಕ್ಕೆ ಓದಿಕೊಂಡಿದ್ದು ಇಷ್ಟು.

ಬೆಟ್ಟಿಂಗ್ ಮತ್ತು ಜೂಜು ಸಂವಿಧಾನದ 7ನೇ ಅನುಸೂಚಿಯ ರಾಜ್ಯ ಪಟ್ಟಿಯಲ್ಲಿ 34ನೇ ವಿಷಯ. ಅಂದರೆ ಒಂದೊಂದು ರಾಜ್ಯಕ್ಕೆ ಒಂದೊಂದು ಕಾನೂನು. ನಮ್ಮಂಥ ಗಡಿ ಜಿಲ್ಲೆಯವರಿಗೆ ಇದೇ ದೊಡ್ಡ ಗೊಂದಲ. ರಾಯಚೂರಿನವರು ಕೃಷ್ಣೆ ದಾಟಿದರೆ ತೆಲಂಗಾಣ, ಅಲ್ಲಿ 2017ರಲ್ಲೇ ಆನ್‌ಲೈನ್ ಜೂಜನ್ನು, ದುಡ್ಡಿಟ್ಟು ಆಡುವ ರಮ್ಮಿಯನ್ನೂ ಸೇರಿಸಿ, ಮುಚ್ಚಿದರು. ನಾವು ಗುಂತಕಲ್ ಕಡೆ ಹೋದರೆ ಆಂಧ್ರ, ಅಲ್ಲಿ 2020ರಲ್ಲಿ ಮುಚ್ಚಿದರು. ಅಮರಾವತಿ ಎಕ್ಸ್‌ಪ್ರೆಸ್ ಹತ್ತಿ ಮಲಗಿ ಎದ್ದರೆ ಗೋವಾ, ಅಲ್ಲಿ ಹೊಳೆಯಲ್ಲೇ ಕ್ಯಾಸಿನೊ ತೇಲುತ್ತಿದೆ. ನೋಡಿಬಂದ ಹುಡುಗರು "ಅಲ್ಲಿ ಲೈಸೆನ್ಸ್ ಐತಲ್ಲ, ಇಲ್ಲಿ ಯಾಕಿಲ್ಲ" ಅಂತ ಕೇಳುವುದು ಸಹಜ ಅಲ್ವಾ?

ಕರ್ನಾಟಕದಲ್ಲಿ ನಡೆಯುವುದು 1963ರ ಕರ್ನಾಟಕ ಪೊಲೀಸ್ ಕಾಯ್ದೆ. ಅದರ 78, 79, 80, 87ನೇ ಕಲಂಗಳು ನಿಮಗೆ ನಾನು ಹೇಳಬೇಕಾಗಿಲ್ಲ, ಓದುಗರಿಗಾಗಿ ಹೇಳುತ್ತಿದ್ದೇನೆ. ಮಟ್ಕಾ, ಓಸಿ ಅನ್ನುವ ನಂಬರ್ ಜೂಜು ಬರೆದರೆ 78. ಜೂಜಿನ ಅಡ್ಡೆ ಇಟ್ಟರೆ 79. ಅಡ್ಡೆಯಲ್ಲಿ ಕೂತು ಆಡಿದರೆ 80. ಬಯಲಲ್ಲಿ, ರಸ್ತೆ ಬದಿಯಲ್ಲಿ ಅಂದರ್ ಬಾಹರ್ ಆಡಿದರೆ 87. ಫ್ರ್ಯಾಂಚೈಸಿ ಮಾರುವವರು "ಅದು ಬ್ರಿಟಿಷರ ಹಳೇ ಕಾನೂನು, ಸಿಕ್ಕಿಬಿದ್ದರೆ 200 ರೂಪಾಯಿ ದಂಡ ಕಟ್ಟಿ ಬರೋದು" ಅಂತ ಧೈರ್ಯ ತುಂಬುತ್ತಾರೆ. ಅವರು ಹೇಳುವುದು 1867ರ ಸಾರ್ವಜನಿಕ ಜೂಜು ಕಾಯ್ದೆ. ಅದು ಇಲ್ಲಿ ನಡೆಯುವ ಕಾನೂನೇ ಅಲ್ಲ.

ಈ ರಾಜ್ಯದಲ್ಲಿ ಲೈಸೆನ್ಸ್ ಇರುವ ಬೆಟ್ಟಿಂಗ್ ಅಂತ ಇರುವುದು ಕುದುರೆ ರೇಸು. ಅದಕ್ಕೆ 1952ರ ಮೈಸೂರು ರೇಸ್ ಕೋರ್ಸ್ ಲೈಸೆನ್ಸಿಂಗ್ ಕಾಯ್ದೆ ಇದೆ. ಬೆಂಗಳೂರು ಟರ್ಫ್ ಕ್ಲಬ್, ಮೈಸೂರು ರೇಸ್ ಕ್ಲಬ್ ನಡೆಯುವುದು ಆ ಕಾಯ್ದೆಯ ಕೆಳಗೆ. ಲೈಸೆನ್ಸ್ ಕೊಡುವುದು ರಾಜ್ಯ ಸರ್ಕಾರ. ಬುಕ್‌ಮೇಕರ್, ಅಂದರೆ ಜನರಿಂದ ಬಾಜಿ ತೆಗೆದುಕೊಳ್ಳುವವನು, ಆಗಬೇಕು ಅಂದರೆ ಆ ಕ್ಲಬ್ಬಿನ ಚೌಕಟ್ಟಿನ ಒಳಗೇ ಆಗಬೇಕು. ಲಾಟರಿ ಒಂದು ಕಾಲಕ್ಕೆ ಇತ್ತು, ನಮ್ಮ ಬಸ್ ಸ್ಟ್ಯಾಂಡಿನಲ್ಲಿ ಟಿಕೆಟ್ ಹರಿದು ಬಿದ್ದಿರುತ್ತಿದ್ದುದು ನೆನಪಿರುವವರು ಇನ್ನೂ ಇದ್ದಾರೆ. 2007ರಲ್ಲಿ ಅದೂ ಬಂದ್ ಆಯಿತು.

ಕುದುರೆಗೆ ಯಾಕೆ, ಕ್ರಿಕೆಟ್ಟಿಗೆ ಯಾಕಿಲ್ಲ ಅಂತ ಹುಡುಗರು ನನ್ನ ಮುಖ ನೋಡುತ್ತಾರೆ. ಕುದುರೆ ರೇಸು ಬರೀ ಅದೃಷ್ಟದ ಆಟ ಅಲ್ಲ, ಅದರಲ್ಲಿ ಕೌಶಲವೇ ಮುಖ್ಯ ಅಂತ ಸುಪ್ರೀಂ ಕೋರ್ಟ್ 1996ರಲ್ಲಿ ಲಕ್ಷ್ಮಣನ್ ಕೇಸಿನಲ್ಲಿ ಹೇಳಿದೆ. 1968ರಲ್ಲಿ ರಮ್ಮಿಯ ಬಗ್ಗೆಯೂ ಹಾಗೇ ಹೇಳಿತ್ತು. ಕಾನೂನಿನ ಉತ್ತರ ಅದು. ಆದರೆ ಮನಸ್ಸಿಗೆ ಒಪ್ಪಿತವಾಗುವ ಉತ್ತರ ನನ್ನ ಹತ್ತಿರ ಇಲ್ಲ ಅಂತ ಬಿಚ್ಚಿ ಹೇಳುತ್ತೇನೆ. ಸೂಟು ಹಾಕಿಕೊಂಡು ಬೈನಾಕ್ಯುಲರ್ ಹಿಡಿದು ಆಡಿದರೆ ಕೌಶಲ, ಹಮಾಲಿ ಚೀಟಿ ಹಿಡಿದು ಆಡಿದರೆ ಜೂಜು ಅಂತ ಜನಕ್ಕೆ ಕಾಣುತ್ತೆ. ಮಟ್ಕಾ ಹುಟ್ಟಿದ್ದೇ ಮುಂಬೈಯಲ್ಲಿ ನ್ಯೂಯಾರ್ಕ್ ಹತ್ತಿಯ ದರದ ಮೇಲೆ ಬಾಜಿ ಕಟ್ಟಿಕೊಂಡು, 1960ರ ಹೊತ್ತಿಗೆ ಆ ದರ ಬರುವುದು ನಿಂತ ಮೇಲೆ ಚೀಟಿ ಎತ್ತಲು ಶುರುಮಾಡಿದರು. ಹತ್ತಿ ಬೆಳೆಯುವ ರಾಯಚೂರು, ಬಳ್ಳಾರಿಯ ರೈತ ಪ್ರತಿ ವರ್ಷ ಮಳೆಯ ಮೇಲೆ, ಡ್ಯಾಮಿನ ನೀರಿನ ಮೇಲೆ, ಮಾರುಕಟ್ಟೆ ದರದ ಮೇಲೆ ಕಟ್ಟುವ ಬಾಜಿಗೆ ಯಾರ ಲೈಸೆನ್ಸೂ ಬೇಡ. ಇರಲಿ, ವಿಷಯ ಬೇರೆ ಕಡೆ ಹೋಯಿತು.

ಆನ್‌ಲೈನ್ ಬಗ್ಗೆ ಗೊಂದಲ ಇನ್ನೂ ಜಾಸ್ತಿ. ಅದಕ್ಕೆ ಸರ್ಕಾರಗಳೂ ಕಾರಣ. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಹೈಕೋರ್ಟ್ ಆ ತಿದ್ದುಪಡಿಯ ಮುಖ್ಯ ಭಾಗಗಳನ್ನು ರದ್ದು ಮಾಡಿತು. ಆ ಸುದ್ದಿ ಹುಡುಗರ ಕಿವಿಗೆ ಬಂದಿದ್ದು "ಬೆಟ್ಟಿಂಗ್ ಲೀಗಲ್ ಆಯಿತು" ಅಂತ. ಕೋರ್ಟ್ ಮಾತಾಡಿದ್ದು ಕೌಶಲದ ಆಟಗಳ ಬಗ್ಗೆ, ಬೆಟ್ಟಿಂಗ್ ಬಗ್ಗೆ ಅಲ್ಲ. ಅದನ್ನು ಬಿಡಿಸಿ ಹೇಳಿದವರು ಯಾರು? ಯಾರೂ ಇಲ್ಲ. ಮೇಲಿಂದ ಮ್ಯಾಚಿನ ಮಧ್ಯೆ ಮಧ್ಯೆ ದೊಡ್ಡ ದೊಡ್ಡ ಆಟಗಾರರೇ ಬಂದು ಟೀಮ್ ಕಟ್ಟಿ, ಕೋಟಿ ಗೆಲ್ಲಿ ಅಂತ ಹೇಳುತ್ತಿದ್ದರು.

ಆಮೇಲೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಆನ್‌ಲೈನ್ ಗೇಮಿಂಗ್ ಕಾಯ್ದೆ ಮಾಡಿತು. ಆಗಸ್ಟ್ 22ಕ್ಕೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ಕೌಶಲವೋ ಅದೃಷ್ಟವೋ ಅನ್ನುವ ಹಳೇ ಜಗಳವನ್ನೇ ಆ ಕಾಯ್ದೆ ಬದಿಗಿಟ್ಟಿದೆ. ಗೆಲ್ಲುವ ಆಸೆಗೆ ದುಡ್ಡು ಹಾಕಿ ಆಡುವ ಆನ್‌ಲೈನ್ ಆಟ ಯಾವುದಾದರೂ ಸರಿ, ಅದನ್ನು ನಡೆಸಿದರೆ 3 ವರ್ಷದವರೆಗೆ ಜೈಲು, 1 ಕೋಟಿ ರೂಪಾಯಿವರೆಗೆ ದಂಡ. ಜಾಹೀರಾತು ಮಾಡಿದರೆ 2 ವರ್ಷದವರೆಗೆ ಜೈಲು, 50 ಲಕ್ಷದವರೆಗೆ ದಂಡ. ಹೊರದೇಶದಿಂದ ನಡೆಸಿ ಇಲ್ಲಿಯವರಿಗೆ ಆಡಿಸಿದರೂ ಅನ್ವಯ ಆಗುತ್ತೆ, ಹಾಗಾಗಿ ಕುರಾಸೌ ಕಥೆ ಅಲ್ಲಿಗೆ ಮುಗಿಯಿತು. ಆ ಕಾಯ್ದೆಯನ್ನು ಪ್ರಶ್ನಿಸಿ ಕಂಪನಿಗಳು ಕೋರ್ಟಿಗೆ ಹೋಗಿವೆ, ಕೇಸುಗಳು ಸುಪ್ರೀಂ ಕೋರ್ಟ್ ಮುಟ್ಟಿವೆ. ಕೇಸು ಇದೆ ಅಂದ ಮಾತ್ರಕ್ಕೆ ಲೈಸೆನ್ಸ್ ಸಿಗುತ್ತೆ ಅಂತ ಅರ್ಥ ಅಲ್ಲ. ಇ-ಸ್ಪೋರ್ಟ್ಸ್‌ಗೆ, ಅಂದರೆ ಸ್ಪರ್ಧೆಯಾಗಿ ಆಡುವ ವಿಡಿಯೊ ಗೇಮ್‌ಗೆ, ಆ ಕಾಯ್ದೆಯಲ್ಲಿ ಜಾಗ ಇದೆ, ಅದಕ್ಕೇ ಈಗ ಫೈಲ್‌ಗಳ ಮೇಲೆ "ಇ-ಸ್ಪೋರ್ಟ್ಸ್ ಸೆಂಟರ್" ಅಂತ ಹೊಸ ಹೆಸರು ಬಂದಿದೆ. ಬಾಜಿ ಇದ್ದರೆ ಅದು ಇ-ಸ್ಪೋರ್ಟ್ಸ್ ಅಲ್ಲ ಅಂತ ಕಾಯ್ದೆಯಲ್ಲೇ ಇದೆ.

ಇಲ್ಲಿ ಒಂದು ಸೂಕ್ಷ್ಮ ಇದೆ, ಈ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವುದು ಇದೇ. ಆ ಕಾಯ್ದೆ ಆಡುವವನಿಗೆ ಶಿಕ್ಷೆ ಇಟ್ಟಿಲ್ಲ. ಅವನನ್ನು ಮೋಸ ಹೋದವನು ಅಂತ ನೋಡುತ್ತೆ. ಶಿಕ್ಷೆ ನಡೆಸುವವನಿಗೆ. ಈಗ ನೋಡಿ, ನಿನ್ನೆಯವರೆಗೆ ಆ್ಯಪಿನಲ್ಲಿ ಆಡಿ ಕಳೆದುಕೊಂಡಿದ್ದ ಹುಡುಗನಿಗೆ ಫೋನ್ ಬರುತ್ತೆ. "ಎಷ್ಟು ದಿನ ಆಡಿ ಕಳ್ಕೊಳ್ತೀಯ ತಮ್ಮಾ, ನೀನೇ ಓನರ್ ಆಗು." ಒಂದು ಐಡಿ ಕೊಡುತ್ತಾರೆ. ಕೆಳಗೆ ಹತ್ತು ಜನಕ್ಕೆ ಐಡಿ ಕೊಡುವ ಅಧಿಕಾರ ಅದಕ್ಕಿರುತ್ತೆ. ಅದಕ್ಕೆ ಪ್ಯಾನೆಲ್ ಅನ್ನುತ್ತಾರೆ, ಮಾಸ್ಟರ್ ಐಡಿ ಅನ್ನುತ್ತಾರೆ. ದುಡ್ಡು ಅವನ ಖಾತೆಗೆ ಬರುತ್ತೆ, ಅವನ ಯುಪಿಐನಿಂದ ಹೋಗುತ್ತೆ, ಆ್ಯಪಿನಲ್ಲಿ ದುಡ್ಡಿನ ಬದಲು ಆಡುವ ಕಾಯಿನ್ ಅವನು ಹಾಕುತ್ತಾನೆ. ಮೇಲಿನವನ ಹೆಸರು ಎಲ್ಲೂ ಇಲ್ಲ. ಒಂದೇ ಸಹಿಗೆ ಹುಡುಗ ಆಡುವವನಿಂದ ನಡೆಸುವವನಾದ. ಅಂದರೆ ಕಾನೂನು ಕಾಪಾಡಬೇಕಾದವರ ಸಾಲಿನಿಂದ ಹೊರಗೆ ಬಂದು 3 ವರ್ಷ, 1 ಕೋಟಿಯ ಸಾಲಿನಲ್ಲಿ ನಿಂತ. ಅದಕ್ಕೆ ಅವನೇ ದುಡ್ಡೂ ಕೊಟ್ಟಿರುತ್ತಾನೆ! ಮೇಲೆ ಕೂತವರಿಗೆ ಇದರಲ್ಲಿ ಎರಡು ಲಾಭ. ಡೆಪಾಸಿಟ್ ಒಂದು, ಹಿಡಿಸಿಕೊಡಲು ಒಬ್ಬ ಆಸಾಮಿ ಇನ್ನೊಂದು.

ಇದು ನನ್ನ ಊಹೆ ಅಲ್ಲ. ಮಹದೇವ್ ಅನ್ನುವ ಬೆಟ್ಟಿಂಗ್ ಆ್ಯಪಿನ ಪ್ರಕರಣದಲ್ಲಿ ಜಾರಿ ನಿರ್ದೇಶನಾಲಯ ಹೇಳಿದ್ದು ಇದನ್ನೇ. ಯುಎಇಯಲ್ಲಿ ಕೂತು, ಪ್ಯಾನೆಲ್‌ಗಳನ್ನು 70–30 ಲಾಭದ ಲೆಕ್ಕಕ್ಕೆ ಇಲ್ಲಿಯವರಿಗೆ ಫ್ರ್ಯಾಂಚೈಸಿ ಕೊಡುತ್ತಿದ್ದರು ಅಂತ. 2023ರ ನವೆಂಬರ್‌ನಲ್ಲಿ ಕೇಂದ್ರ ಅದನ್ನೂ ಸೇರಿಸಿ 22 ಆ್ಯಪ್, ವೆಬ್‌ಸೈಟುಗಳನ್ನು ಬ್ಲಾಕ್ ಮಾಡಿತು. ಹೆಸರು ಬದಲಾಗಿ ಅದೇ ಲೆಕ್ಕ ನಮ್ಮ ಕಡೆಗೂ ಬಂದಿದೆ.

ಇನ್ನೊಂದು, 2024ರ ಜುಲೈ 1ರಿಂದ ಬಂದ ಭಾರತೀಯ ನ್ಯಾಯ ಸಂಹಿತೆಯ 112ನೇ ಕಲಂ. ಗುಂಪಿನಲ್ಲಿ ಸೇರಿ ಅನುಮತಿ ಇಲ್ಲದ ಬೆಟ್ಟಿಂಗ್ ನಡೆಸುವುದು ಅದರಲ್ಲಿ ಸಣ್ಣ ಸಂಘಟಿತ ಅಪರಾಧ. 1ರಿಂದ 7 ವರ್ಷ ಶಿಕ್ಷೆ. ಸಣ್ಣ ಅಂತ ಹೆಸರಲ್ಲಿ ಇದೆ, ವರ್ಷ ಸಣ್ಣದಲ್ಲ.

ನನ್ನ ಗಿರಾಕಿಯೊಬ್ಬರ ಮಗ, ಹೆಸರು ಬೇಡ, ಅಪ್ಪನ ಅಂಗಡಿಯ ಕ್ಯೂಆರ್ ಕೋಡಿಗೇ ಬೆಟ್ಟಿಂಗ್ ದುಡ್ಡು ಹಾಕಿಸಿಕೊಂಡ. ಬೇರೆ ರಾಜ್ಯದಲ್ಲಿ ಯಾರೋ ಮೋಸ ಹೋದವರು ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಟ್ಟರು, ಆ ದುಡ್ಡಿನ ಒಂದು ತುಂಡು ಈ ಖಾತೆಗೂ ಬಂದಿತ್ತು, ಖಾತೆ ಫ್ರೀಜ್. ಅಪ್ಪನಿಗೆ ಅಕ್ಕಿ ಮಂಡಿಗೆ ಕಟ್ಟಬೇಕಾದ ದುಡ್ಡು ಅದರಲ್ಲೇ ಇತ್ತು. ಯಾವ ಊರಿನ ಪೊಲೀಸ್ ಠಾಣೆ ಅಂತ ತಿಳಿಯುವುದಕ್ಕೇ ಎಷ್ಟೋ ದಿನ ಹಿಡಿಯಿತು. ಜೊತೆಗೆ ಯುಪಿಐ ಲೆಕ್ಕ ನೋಡಿದರೆ ಅಂಗಡಿಯ ವಹಿವಾಟು ಎಷ್ಟೋ ಪಟ್ಟು ಜಾಸ್ತಿ ಕಾಣುತ್ತೆ. 2025ರ ಜುಲೈನಲ್ಲಿ ಯುಪಿಐ ಲೆಕ್ಕ ಹಿಡಿದು ಸಣ್ಣ ಅಂಗಡಿಯವರಿಗೆ ನೋಟಿಸ್ ಬಂದಾಗ ಊರೆಲ್ಲ ಹೆದರಿತ್ತಲ್ಲ, ಅದು ನಿಜವಾದ ವ್ಯಾಪಾರಕ್ಕೆ. ಇದು ಬೆಟ್ಟಿಂಗ್ ದುಡ್ಡು ಅಂತ ಹೇಳಿದರೆ ಒಂದು ಕಷ್ಟ, ಅಕ್ಕಿ ಮಾರಿದ್ದು ಅಂತ ಹೇಳಿದರೆ ಇನ್ನೊಂದು ಕಷ್ಟ.

ತೆರಿಗೆ ನನ್ನ ಕಸುಬು, ಅದಕ್ಕೆ ಒಂದು ಮಾತು. ಕಾನೂನು ಇವತ್ತೇ ಬದಲಾಗಿ ಲೈಸೆನ್ಸ್ ಕೊಟ್ಟರು ಅಂತಲೇ ಇಟ್ಟುಕೊಳ್ಳಿ. ಬೆಟ್ಟಿಂಗ್, ಕ್ಯಾಸಿನೊ, ರೇಸಿಗೆ 28 ಪರ್ಸೆಂಟ್ ಜಿಎಸ್‌ಟಿಯನ್ನು ಪೂರ್ತಿ ಮೊತ್ತದ ಮೇಲೆ ಹಾಕುತ್ತಿದ್ದರು. 2025ರ ಸೆಪ್ಟೆಂಬರ್ 22ರಿಂದ ಅದು 40. ಹುಡುಗರು ಕಮಿಷನ್ ಮೇಲೆ ತೆರಿಗೆ ಅಂದುಕೊಂಡಿದ್ದಾರೆ. ಅಲ್ಲ. ಗಿರಾಕಿ 100 ರೂಪಾಯಿ ಹಾಕಿದರೆ ಆ 100ರ ಮೇಲೆ. ನಿನಗೆ ಉಳಿಯುವುದು 3 ರೂಪಾಯಿ ಕಮಿಷನ್ ಅಂತ ಇಟ್ಟುಕೋ, ಕಟ್ಟಬೇಕಾದ ತೆರಿಗೆ 40. ಗೆದ್ದವನ ದುಡ್ಡಿನಲ್ಲಿ 30 ಪರ್ಸೆಂಟ್ ಆದಾಯ ತೆರಿಗೆ ಬೇರೆ. ಈ ಲೆಕ್ಕ ಹಾಕಿ ತೋರಿಸಿದಾಗ ಮಾತ್ರ ಕೆಲವರು ಫೈಲ್ ಮುಚ್ಚಿಕೊಂಡು ಹೋಗಿದ್ದಾರೆ. ಜೈಲಿನ ಕಲಂ ಹೇಳಿದರೆ ನಕ್ಕವರು ಪರ್ಸೆಂಟ್ ಕೇಳಿ ಸುಮ್ಮನಾಗುತ್ತಾರೆ, ಬಳ್ಳಾರಿ ವ್ಯಾಪಾರಸ್ಥರ ಊರು ತಾನೇ.

ನಿಜವಾದ ಲೈಸೆನ್ಸ್ ಇರುವ ಕಡೆ ಏನು ಕೇಳುತ್ತಾರೆ ಅಂತಲೂ ಹುಡುಗರಿಗೆ ಗೊತ್ತಾಗಬೇಕು. ಇಂಗ್ಲೆಂಡಿನಲ್ಲಿ 2005ರ ಜೂಜು ಕಾಯ್ದೆ ಇದೆ, ಗ್ಯಾಂಬ್ಲಿಂಗ್ ಕಮಿಷನ್ ಅಂತ ಒಂದು ಸಂಸ್ಥೆ ಇದೆ. ಬೆಟ್ಟಿಂಗ್ ಅಂಗಡಿ ಇಡಬೇಕು ಅಂದರೆ ಕಮಿಷನ್ನಿನಿಂದ ವ್ಯಾಪಾರದ ಲೈಸೆನ್ಸ್ ಬೇಕು, ನಡೆಸುವ ಮುಖ್ಯಸ್ಥರಿಗೆ ಅವರವರ ಹೆಸರಿನಲ್ಲಿ ಬೇರೆ ಲೈಸೆನ್ಸ್ ಬೇಕು, ಅಂಗಡಿಯ ಜಾಗಕ್ಕೆ ಆ ಊರಿನ ಕೌನ್ಸಿಲ್ಲಿನಿಂದ ಇನ್ನೊಂದು ಬೇಕು. ದುಡ್ಡು ಎಲ್ಲಿಂದ ಬಂತು ಅಂತ ಹೇಳಬೇಕು. ಹಳೇ ಕೇಸು ಇದ್ದರೆ ನೋಡುತ್ತಾರೆ. 18 ವರ್ಷದ ಒಳಗಿನವರನ್ನು ಬಿಡಬಾರದು. 2020ರ ಏಪ್ರಿಲ್‌ನಿಂದ ಕ್ರೆಡಿಟ್ ಕಾರ್ಡಿನಲ್ಲಿ ಬಾಜಿ ಕಟ್ಟುವ ಹಾಗಿಲ್ಲ. ತಪ್ಪಿದರೆ ದಂಡ: 2023ರಲ್ಲಿ ವಿಲಿಯಂ ಹಿಲ್ ಅನ್ನುವ ಬೆಟ್ಟಿಂಗ್ ಗುಂಪಿಗೆ ಸೇರಿದ ಕಂಪನಿಗಳು 1.92 ಕೋಟಿ ಪೌಂಡ್ ಕಟ್ಟಬೇಕಾಯಿತು. ಗೋವಾದಲ್ಲಿ 1976ರ ಕಾಯ್ದೆಗೆ ಆಮೇಲೆ ತಿದ್ದುಪಡಿ ತಂದು ಪಂಚತಾರಾ ಹೋಟೆಲಿಗೆ, ಹಡಗಿಗೆ ಅನುಮತಿ ಕೊಟ್ಟರು. ವರ್ಷದ ಶುಲ್ಕವೇ ಕೋಟಿಗಟ್ಟಲೆ, 21 ವರ್ಷದ ಒಳಗಿನವರಿಗೆ ಪ್ರವೇಶ ಇಲ್ಲ, 2020ರ ಫೆಬ್ರವರಿಯಿಂದ ಗೋವಾದವರನ್ನೇ ಒಳಗೆ ಬಿಡಬಾರದು ಅಂತ ಮಾಡಿದ್ದಾರೆ. ಸಿಕ್ಕಿಂ 2008ರಲ್ಲೇ ಆನ್‌ಲೈನ್ ಗೇಮಿಂಗ್‌ಗೆ ಕಾಯ್ದೆ ಮಾಡಿತು, ಆಮೇಲೆ ಅದನ್ನು ತನ್ನ ರಾಜ್ಯದ ಗಡಿಯೊಳಗಿನ ಟರ್ಮಿನಲ್‌ಗಳಿಗೆ ಕಟ್ಟಿಹಾಕಿತು. ಸಿಕ್ಕಿಂ ಲೈಸೆನ್ಸ್ ಇದೆ, ಸಿರುಗುಪ್ಪದಲ್ಲಿ ನಡೆಯುತ್ತೆ ಅಂತ ಯಾರಾದರೂ ಹೇಳಿದರೆ ಸುಮ್ನೆ ನಂಬಬೇಡಿ.

ಲೈಸೆನ್ಸ್ ಕೊಟ್ಟೇಬಿಡಲಿ, ಕದ್ದು ನಡೆಯುವುದಕ್ಕಿಂತ ಕಾಣುವ ಹಾಗೆ ನಡೆಯಲಿ ಅನ್ನುವವರೂ ಇದ್ದಾರೆ. ಅವರ ಮಾತನ್ನು ನಾನು ತಳ್ಳಿಹಾಕಲ್ಲ. 2016ರಲ್ಲಿ ನ್ಯಾಯಮೂರ್ತಿ ಲೋಧಾ ಸಮಿತಿ ಕ್ರಿಕೆಟ್ ಬೆಟ್ಟಿಂಗನ್ನು ಕಾನೂನಿನ ಒಳಗೆ ತರಬಹುದು ಅಂತ ಹೇಳಿತ್ತು. 2018ರ ಕಾನೂನು ಆಯೋಗದ 276ನೇ ವರದಿ ನಿಷೇಧವೇ ಒಳ್ಳೆಯದು, ತಡೆಯಲು ಆಗದಿದ್ದರೆ ಪ್ಯಾನ್, ಆಧಾರ್ ಜೋಡಿಸಿ, ನಗದು ಬಿಟ್ಟು, ಮಿತಿ ಹಾಕಿ ನಡೆಸಿ ಅಂದಿತು. ಮುಂದೆ ಯಾವಾಗಲೋ ಹಾಗಾದರೆ ಆಗಲಿ, ಅದು ವಿಧಾನಸಭೆಯ, ಸಂಸತ್ತಿನ ಕೆಲಸ. ಆದರೆ ಆಗಲೂ ಆ ಲೈಸೆನ್ಸ್ ನಮ್ಮ ಹುಡುಗನ ಕೈಗೆ ಬರಲ್ಲ, ಕೋಟಿಗಳ ಧಣಿಗಳ ಕೈಗೆ ಹೋಗುತ್ತೆ ಅಂತ ನನಗೆ ಅನ್ನಿಸುತ್ತೆ. ಗಣಿ ನೋಡಿದ ಊರು ಇದು, ಲೈಸೆನ್ಸ್ ಯಾರಿಗೆ ಸಿಗುತ್ತೆ, ಧೂಳು ಯಾರಿಗೆ ಸಿಗುತ್ತೆ ಅಂತ ನಮಗೆ ಪಾಠ ಬೇಕಾಗಿಲ್ಲ.

ಈಗ ನನ್ನ ಕೋರಿಕೆ. ನಿಮ್ಮ ಕೈಯಲ್ಲಿ ಆಗುವಂಥದ್ದನ್ನೇ ಕೇಳುತ್ತಿದ್ದೇನೆ.

ಪಾಲಿಕೆ, ಪುರಸಭೆಗಳು ಕೊಡುವ ಟ್ರೇಡ್ ಲೈಸೆನ್ಸಿನ ಕೆಳಗೆ "ಇದು ಬೆಟ್ಟಿಂಗ್, ಜೂಜು ಅಥವಾ ದುಡ್ಡಿನ ಆನ್‌ಲೈನ್ ಆಟಕ್ಕೆ ಅನುಮತಿ ಅಲ್ಲ" ಅಂತ ಒಂದು ಸಾಲು ಅಚ್ಚು ಹಾಕಿಸಿ. ಜಿಎಸ್‌ಟಿ ಸರ್ಟಿಫಿಕೇಟ್ ನಿಮ್ಮ ಕೈಯಲ್ಲಿಲ್ಲ, ಗೊತ್ತು. ವಾಣಿಜ್ಯ ತೆರಿಗೆ ಕಚೇರಿಯ ಬಾಗಿಲಲ್ಲಿ ಅದೇ ಸಾಲಿನ ಬೋರ್ಡ್ ಹಾಕಿ ಅಂತ ಒಂದು ಕಾಗದ ಬರೆಯಬಹುದಲ್ಲ. ಬ್ಯಾಂಕಿನವರ ಜಿಲ್ಲಾ ಮಟ್ಟದ ಸಭೆ ನಡೆಯುತ್ತೆ, ಅಲ್ಲಿ ಸಾಲದ ಗುರಿ ಕೇಳುವಾಗ ಇದನ್ನೂ ಕೇಳಿ: ಖಾತೆ ತೆರೆಯಲು ಬಂದ ಹುಡುಗನಿಗೆ, ನಿನ್ನ ಖಾತೆ ಬಾಡಿಗೆಗೆ ಕೊಟ್ಟರೆ ಏನಾಗುತ್ತೆ ಅಂತ ಕನ್ನಡದಲ್ಲಿ ಹೇಳಿದ್ದೀರಾ ಅಂತ.

ಎಸ್‌ಪಿ ಸಾಹೇಬರಿಗೆ ಒಂದು ಮಾತು. ದಾಳಿಯಾದ ಮರುದಿನ ಪತ್ರಿಕಾ ಪ್ರಕಟಣೆ ಬರುತ್ತೆ. ಇಷ್ಟು ನಗದು, ಇಷ್ಟು ಮೊಬೈಲ್, ಒಂದು ಮಟ್ಕಾ ಚೀಟಿ, ಒಂದು ಬಾಲ್ ಪೆನ್. ಸಾಲಾಗಿ ನಿಲ್ಲಿಸಿದ ಹುಡುಗರ ಫೋಟೊ. ಅವರು ಪ್ಯಾನೆಲ್ ಯಾರಿಂದ ಕೊಂಡರು, ಯಾವ ಕಾಗದ ತೋರಿಸಿ ನಂಬಿಸಿದ್ದರು ಅನ್ನುವುದು ಒಂದು ಸಾಲೂ ಇರಲ್ಲ. ಅದು ಬಂದರೆ ಮುಂದಿನವನು ಎಚ್ಚರ ಆಗುತ್ತಾನೆ. ಅಡ್ವಾನ್ಸ್ ಕೊಟ್ಟು ಇನ್ನೂ ಶುರು ಮಾಡದ ಹುಡುಗ, ನಾನು ಮೋಸ ಹೋದೆ ಅಂತ ಠಾಣೆಗೆ ಬಂದರೆ ಅವನನ್ನೇ ಮೊದಲ ಆರೋಪಿ ಮಾಡದೆ ಮಾತು ಕೇಳುವ ಒಬ್ಬ ಅಧಿಕಾರಿ ಸೈಬರ್ ಠಾಣೆಯಲ್ಲಿ ಇರಲಿ. ಈಗ ಅವರು ಯಾಕೆ ಬರಲ್ಲ ಅಂದರೆ ಹೆದರಿಕೆ. ಆ ಹೆದರಿಕೆಯೇ ಫೈಲ್ ಮಾರುವವನ ಬಂಡವಾಳ.

ಯುಗಾದಿಗೆ ಊರೂರಲ್ಲಿ ಇಸ್ಪೀಟ್ ಎಲೆ ಬಿಚ್ಚುತ್ತಾರೆ, ಅದೇ ಹೊತ್ತಿಗೆ ಐಪಿಎಲ್ ಬರುತ್ತೆ. ಪ್ಯಾನೆಲ್ ಮಾರುವವರಿಗೆ ಸುಗ್ಗಿ. ಬೋರ್ಡ್ ಅದಕ್ಕಿಂತ ಮೊದಲು ಬರಲಿ.

ಬರಹ ಹೀಗಿದ್ದರೆ ಸಾಕು: "ಬಳ್ಳಾರಿ ಜಿಲ್ಲೆಯಲ್ಲಿ ಬೆಟ್ಟಿಂಗ್ ನಡೆಸಲು ಯಾರಿಗೂ ಲೈಸೆನ್ಸ್ ಕೊಟ್ಟಿಲ್ಲ. ಕೊಡುವ ಕಚೇರಿಯೂ ಇಲ್ಲ. ಜಿಎಸ್‌ಟಿ, ಉದ್ಯಮ್, ಟ್ರೇಡ್ ಲೈಸೆನ್ಸ್, ವಿದೇಶದ ಲೈಸೆನ್ಸ್, ಇವು ಯಾವುವೂ ಅನುಮತಿ ಅಲ್ಲ. ಫ್ರ್ಯಾಂಚೈಸಿ ಕೊಡುತ್ತೇವೆ ಅಂದವರ ಬಗ್ಗೆ ತಿಳಿಸಿ. ದುಡ್ಡು ಹೋಗಿದ್ದರೆ 1930ಕ್ಕೆ ಫೋನ್ ಮಾಡಿ." ಕೆಳಗೆ ನಿಮ್ಮಿಬ್ಬರ ಕಚೇರಿಯ ಹೆಸರು. ಮೋತಿ ಸರ್ಕಲ್, ಬಸ್ ಸ್ಟ್ಯಾಂಡ್, ಕಾಲೇಜುಗಳ ಗೇಟು, ಸೇವಾ ಕೇಂದ್ರಗಳ ಗೋಡೆ. ಕೌಲ್ ಬಜಾರಿನಲ್ಲಿ ಉರ್ದುವಿನಲ್ಲೂ, ಗಡಿಯ ಹಳ್ಳಿಗಳಲ್ಲಿ ತೆಲುಗಿನಲ್ಲೂ ಇರಲಿ. ನೀವು ಸಹಿ ಮಾಡಿದ ಒಂದು ಪ್ರತಿ ಸಿಕ್ಕರೆ ನಮ್ಮ ಟ್ಯಾಕ್ಸ್ ಪ್ರಾಕ್ಟೀಷನರ್‌ಗಳ ಆಫೀಸುಗಳಲ್ಲಿ ಹಾಕಿಸುವ ಜವಾಬ್ದಾರಿ ನನ್ನದು, ಪ್ರಿಂಟಿನ ಖರ್ಚೂ ನನ್ನದೇ.

ಇಂತಿ,
ಬಳ್ಳಾರಿಯ ಒಬ್ಬ ಟ್ಯಾಕ್ಸ್ ಪ್ರಾಕ್ಟೀಷನರ್